ಜಾನಪದದ ಕಾರ್ಡ್ ಗೇಮ್ ಮಾಡೋದು ಹೇಗೆ? ಇಬ್ಬರು ಮೂವರು ಸಾಕು

ಮೊದಲೇ ಚಿತ್ರ ಬರೆಯೋಕೆ ಕೂರಬೇಡಿ. ನಾವು ಮೂವರು ಅದೇ ತಪ್ಪು ಮಾಡಿದೆವು. 40 ಚಿತ್ರ ಮುಗಿದ ಮೇಲೆ ಆಟವೇ ಬೋರು ಅಂತ ಗೊತ್ತಾಯಿತು.

ಕಥೆಯಿಂದಲೇ ನಿಯಮ ಹುಟ್ಟಬೇಕು. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರೆ ದೆವ್ವ ಓದಿಕೊಂಡು ವಾಪಸ್ ಹೋಗುತ್ತೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತೆ, ಅಲ್ವಾ? ಅದನ್ನೇ ಕಾರ್ಡ್ ಮಾಡಿ: ಎದುರಾಳಿ ಇಳಿಸಿದ ದೆವ್ವ ಅವರ ಕೈಗೆ ವಾಪಸ್, ಮುಂದಿನ ಸುತ್ತಿನವರೆಗೆ ಇಳಿಸುವಂತಿಲ್ಲ. ಸುಮ್ನೆ 'ಶಕ್ತಿ 5' ಅಂತ ಬರೆದರೆ ಅದು ಯಾವ ದೇಶದ ದೆವ್ವವಾದರೂ ಆಗಬಹುದು.

ಪಂಜುರ್ಲಿ, ಗುಳಿಗನ ವಿಷಯ ಬೇರೆ. ಕರಾವಳಿಯವರು ಇವತ್ತಿಗೂ ನಂಬಿ ಕೋಲ ಕೊಡುವ ದೈವಗಳು ಅವು. ಸೋಲಿಸಿ ಬಿಸಾಡುವ ಕಾರ್ಡಾಗಿ ನಾನಂತೂ ಇಡಲ್ಲ.

ಎ4 ಹಾಳೆಯಲ್ಲಿ 63×88 ಮಿ.ಮೀ. ಅಳತೆಯ 9 ಕಾರ್ಡ್ ಹಿಡಿಯುತ್ತೆ. ಪೆನ್ನಲ್ಲೇ ಬರೆದು ಜೆರಾಕ್ಸ್ ಮಾಡಿಸಿ, ಕತ್ತರಿಸಿ, ಹಳೇ ಇಸ್ಪೀಟ್ ಎಲೆಯ ಜೊತೆ ಪ್ಲಾಸ್ಟಿಕ್ ಕವರಿಗೆ ತೂರಿಸಿ. ಕಲೆಸೋಕೆ ಗಟ್ಟಿಯಾಗಿರುತ್ತೆ, ಬದಲಿಸೋದೂ ಸುಲಭ.

ಆಡಿಸುವಾಗ ನೀವು ಬಾಯಿ ಬಿಡಬೇಡಿ. ನಮ್ಮ ಚಿಕ್ಕಮ್ಮ ಒಂದು ಕಾರ್ಡನ್ನು ಮೂರು ಸಲ ತಿರುಗಿಸಿ ನೋಡಿ "ಇದನ್ನ ಯಾವಾಗ ಹಾಕೋದೋ?" ಅಂದರು. ಆ ಕಾರ್ಡಿನ ಮೇಲಿದ್ದ ಸಾಲನ್ನು ಅವತ್ತೇ ತಿದ್ದಿದೆವು.

ಅಪ್‌ಡೇಟ್ ಮಾಡುವಾಗ ಒಂದು ಸಲಕ್ಕೆ ಒಂದೆರಡು ಕಾರ್ಡ್ ಮಾತ್ರ ಬದಲಿಸಿ, ಜಾಸ್ತಿ ಬೇಡ. ಮೂಲೆಯಲ್ಲಿ ಸಣ್ಣಗೆ '1.2' ಅಂತ ಆವೃತ್ತಿ ಸಂಖ್ಯೆ ನಮೂದಿಸಿ. ಇಲ್ಲದಿದ್ದರೆ ಹಳೇದು ಹೊಸದು ಬೆರೆತು ಆಟದ ನಡುವೆ ಜಗಳ ಗ್ಯಾರಂಟಿ.