ಗೋಣಿಚೀಲ ಕಟ್ಟಿ ಮೈಕ್ ಸರಿ ಮಾಡಿದ್ದು

ಹೋದ ವರ್ಷ ಇದೇ ಕಂಪನಿಯ ಅವಾರ್ಡ್ ನೈಟ್‌ನಲ್ಲಿ ಉಮೇಶ್ ಅಂತ ಕರೆದರೆ ರಮೇಶ್ ಎದ್ದು ಸ್ಟೇಜಿಗೆ ಬಂದಿದ್ದರು. ತಪ್ಪು ಅವರದ್ದಲ್ಲ, ನನ್ನ ಸೌಂಡಿನದ್ದು. ಬಿಲ್ಲಿನಲ್ಲಿ 8 ಸಾವಿರ ಹಿಡಿದುಕೊಂಡರು.

ಜಾಗ ಚಿಕ್ಕಮಗಳೂರಿನ ಒಂದು ಹಳೇ ಕಾಫಿ ಗೋಡೌನು, ಈಗ ರಿಪೇರಿ ಮಾಡಿಸಿ ಹಾಲ್ ಮಾಡಿದ್ದಾರೆ. ಉದ್ದ 70 ಅಡಿ ಇರಬಹುದು. ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿ ನೀರು ಹಾಕಿ ಅರೆದ ಗಾರೆ, ಗೋಡೆ ಗಾಜಿನ ಥರ ನುಣುಪು. ನೋಡೋಕೆ ಚೆಂದ, ನಮ್ಮ ಪಾಲಿಗೆ ಶನಿ. ಒಂದು ಚಪ್ಪಾಳೆ ತಟ್ಟಿದರೆ ಹಿಂದಿನ ಗೋಡೆಗೆ ಹೋಗಿ ಬಂದು ಮತ್ತೆ ನಮ್ಮ ಮುಖಕ್ಕೇ ಬಡಿಯುತ್ತೆ. ಒಂದು ಮೊಳೆಯನ್ನೂ ಹೊಡೆಯುವ ಹಾಗಿಲ್ಲ. ಮೇಲಿನ ಮಂಗಳೂರು ಹೆಂಚನ್ನು ಎಲ್ಲರೂ ಬೈತಾರೆ, ಆದರೆ ಸಂದಿಯಲ್ಲಿ ಒಂದಷ್ಟು ಸದ್ದು ಆಚೆ ಹೋಗಿ ಹೆಂಚು ಉಪಕಾರವನ್ನೇ ಮಾಡುತ್ತೆ.

ಬೆಂಗಳೂರಿನಿಂದ ಸದ್ದು ಹೀರುವ ಪ್ಯಾನೆಲ್ ತರಿಸಿದರೆ ಬಾಡಿಗೆಯೇ 40 ಸಾವಿರದ ಹತ್ತಿರ. ನನ್ನ ಇಡೀ ಕಾಂಟ್ರಾಕ್ಟೇ 45. ಥರ್ಮೋಕೋಲ್ ನಿಲ್ಲಿಸಿ ನೋಡಿದೆ, ದಂಡ. ಮನೆಯ ಕಂಬಳಿ ಕಟ್ಟಿದೆ, ಸದ್ದೇನೋ ತಗ್ಗಿತು, ಆದರೆ ಹಾಲೆಲ್ಲ ಕುರಿ ವಾಸನೆ. ಆಮೇಲೆ ಗೋಣಿಚೀಲಕ್ಕೆ ಕಾಫಿ ಹೊಟ್ಟು ತುಂಬಿ ನೇತು ಹಾಕಿದೆ. ಧೂಳು ಉದುರಿ ನನ್ನ ಹುಡುಗರು ಸೀನಿ ಸೀನಿ ಸುಸ್ತು. ರೇಷ್ಮೆ ಸೀರೆಯವರ ಮೇಲೆ ಬಿದ್ದಿದ್ದರೆ ಕಥೆ ಮುಗಿದಿತ್ತು.

ಕೊನೆಗೆ ಖಾಲಿ ಚೀಲವನ್ನೇ ಒಗೆದು ಒಣಗಿಸಿ, ಮೂರು ಮಡಿಕೆ ಮಾಡಿ, ಶಾಮಿಯಾನದವರ ಪೈಪ್ ಸ್ಟ್ಯಾಂಡಿಗೆ ಹೊಲಿಸಿದೆ. ಸುಮಾರು 90 ಚೀಲ. ಗೋಡೆಗೆ ತಾಗಿಸಬಾರದು, ಒಂದು ಗೇಣು ಬಿಡಬೇಕು. ಆ ಗೇಣಿನಲ್ಲೇ ಇರೋದು ಕೆಲಸ. ಲೈಟೆಲ್ಲ ಎಲ್‌ಇಡಿ, ಆದರೂ ಚೀಲದಿಂದ ದೂರ ಇಟ್ಟೆ. ಹಳೇ ಹ್ಯಾಲೋಜೆನ್ ಇರುವವರು ಈ ತಂಟೆಗೇ ಬರಬೇಡಿ. ತೊಳೆಸೋದು, ಹೊಲಿಸೋದು, ಆಟೋ ಎಲ್ಲ ಸೇರಿ ಮೂರು ಸಾವಿರದ ಚಿಲ್ಲರೆ.

ಹಾಸನದಿಂದ ಲೈಟಿಂಗಿಗೆ ಬಂದಿದ್ದ ಗೆಳೆಯ ನೋಡಿ, "ಏನೋ ಮಾರಾಯ, ಮಂಡಿ ಇಡ್ತೀಯಾ?" ಅಂತ ನಕ್ಕ. ಕಂಪನಿಯ ಮ್ಯಾನೇಜರ್ ಮುಖವೂ ಸಪ್ಪಗಾಯಿತು. ಕೆಳಗಿಂದ ಹಳದಿ ಲೈಟ್ ಬಿಟ್ಟೆ ನೋಡಿ, ಅದೇ ಮ್ಯಾನೇಜರ್ ಚೀಲದ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು.

ಸ್ಟೇಜ್ ಪಕ್ಕದ ದೊಡ್ಡ ಟಾಪ್ ಸ್ಪೀಕರ್‌ಗಳನ್ನು ಈ ಸಲ ಗಾಡಿಯಿಂದಲೇ ಇಳಿಸಲಿಲ್ಲ. ನಾಲ್ಕು ಸಣ್ಣ ಬಾಕ್ಸ್: ಎರಡು ಮುಂದೆ, ಎರಡು 35 ಅಡಿ ಹಿಂದೆ. ಹಿಂದಿನವಕ್ಕೆ ಮಿಕ್ಸರಿನಲ್ಲಿ 31 ಮಿಲಿಸೆಕೆಂಡ್ ಡಿಲೇ, ಅಂದರೆ ಅಷ್ಟು ತಡವಾಗಿ ಸದ್ದು; ಮುಂದಿನ ಬಾಕ್ಸಿನ ಸದ್ದು ಅಲ್ಲಿಗೆ ಮುಟ್ಟೋಕೆ ಅಷ್ಟು ಹೊತ್ತು ಬೇಕು. ಅದರ ಮೇಲೆ ಇನ್ನೂ ಸ್ವಲ್ಪ ಸೇರಿಸಿದೆ. ಎಷ್ಟು ಅನ್ನೋದು ನನ್ನ ಹೊಟ್ಟೆಪಾಡು, ಕೇಳಬೇಡಿ.

ಈ ಸಲ ಕರೆದವರೇ ಎದ್ದು ಬಂದರು. ಒಂದೇ ಎಡವಟ್ಟು. ಭಾಷಣ ಮುಗಿಸಿ ಕೂತ ಡೈರೆಕ್ಟರ್ ಸಾಹೇಬರ ಕಾಲರ್ ಮೈಕನ್ನು ನಮ್ಮ ಹುಡುಗ ಆಫ್ ಮಾಡಿರಲಿಲ್ಲ. "ಅಕ್ಕಿರೊಟ್ಟಿ ಖಾಲಿಯಾಗೋದರೊಳಗೆ ಇದನ್ನ ಮುಗಿಸ್ರಿ" ಅಂದದ್ದು ಕೊನೆಯ ಸಾಲಿನವರೆಗೂ ಅಕ್ಷರ ಅಕ್ಷರ ಕೇಳಿಸಿತು.