ನಿದ್ದೆಗೂ ಹೊಟ್ಟೆಗೂ ರಾತ್ರಿಯ ಕಷಾಯ: ಮಾಡುವ ಕ್ರಮ ಮತ್ತು ಮಿತಿ

ನಡುರಾತ್ರಿ ಎಚ್ಚರವಾಗಿ, ಎದೆಯುರಿ, ಹುಳಿತೇಗು ಅಥವಾ ಹೊಟ್ಟೆಯುಬ್ಬರದಿಂದ ಮಗ್ಗುಲು ಬದಲಿಸುತ್ತ ಬೆಳಗು ಮಾಡುವವರು ನಿದ್ದೆಯ ಮದ್ದು ಹುಡುಕುವ ಮೊದಲು ಹೊಟ್ಟೆಯನ್ನು ಹದಕ್ಕೆ ತರಬೇಕು. ಊಟ ಮುಗಿದು ಮೂರು ಗಂಟೆ ಕಳೆದ ಮೇಲೆ ಮಲಗುವುದು ಇದರ ಮೊದಲ ಹೆಜ್ಜೆ. ಸಂಜೆ 5ಕ್ಕೆ ಕುಡಿದ ಫಿಲ್ಟರ್ ಕಾಫಿಯ ಕೆಫೀನಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರಾತ್ರಿ 10ಕ್ಕೂ ಮೈಯಲ್ಲೇ ಇರುತ್ತದೆ. ಅದನ್ನು ಬಿಡದೆ ಎಷ್ಟು ಕಷಾಯ ಕುಡಿದರೂ ವ್ಯರ್ಥ.

ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಕಾಫಿಯ ಬದಲಿಗೆ ಕುಡಿಯುವ ಕಷಾಯವೇ ರಾತ್ರಿಗೂ ಸಾಕು. 100 ಗ್ರಾಂ ಕೊತ್ತಂಬರಿ ಬೀಜ, 50 ಗ್ರಾಂ ಜೀರಿಗೆ ಮತ್ತು ಒಂದು ಚಮಚ ಮೆಂತ್ಯವನ್ನು ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ, ಪರಿಮಳ ಬರುವವರೆಗೆ ಮಾತ್ರ ಹುರಿದು, ಆರಿದ ಮೇಲೆ ತರಿಯಾಗಿ ಪುಡಿ ಮಾಡಿಕೊಳ್ಳಿ. ಹಗಲಿನ ಕಷಾಯಕ್ಕೆ ಹಾಕುವ ಕಾಳುಮೆಣಸನ್ನು ರಾತ್ರಿಯ ಪುಡಿಗೆ ನಾನು ಸೇರಿಸುವುದಿಲ್ಲ. ಎದೆಯುರಿ ಇದ್ದವರಿಗೆ ಅದು ಆಗಿಬರುವುದು ಕಡಿಮೆ. ಒಂದು ಲೋಟ ನೀರು ಕುದಿ ಬಂದಾಗ ಒಂದು ಚಮಚ ಪುಡಿ ಹಾಕಿ, ಎರಡು ನಿಮಿಷದ ನಂತರ ಒಲೆ ಆರಿಸಿ, ಪಾತ್ರೆಗೆ ತಟ್ಟೆ ಮುಚ್ಚಿಡಿ. ಏಳೆಂಟು ನಿಮಿಷ ಬಿಟ್ಟು ತಟ್ಟೆ ಎತ್ತಿದರೆ ಅದರ ಅಡಿಯಲ್ಲಿ ಹನಿಗಳು ಕಟ್ಟಿರುತ್ತವೆ. ಮೂಸಿ ನೋಡಿದರೆ ಜೀರಿಗೆಯ ವಾಸನೆ. ಆ ಹನಿಗಳನ್ನು ಪಾತ್ರೆಗೇ ಜಾಡಿಸಿಬಿಡಿ, ಏಕೆಂದರೆ ಬೀಜಗಳ ಸತ್ವವೆನ್ನುವ ತೈಲ ಆವಿಯೊಂದಿಗೆ ಹಾರಿಹೋಗುವಂಥದ್ದು. ತೆರೆದ ಪಾತ್ರೆಯಲ್ಲಿ ಕಾಲು ಗಂಟೆ ಕುದಿಸಿದರೆ ಅಡುಗೆಮನೆಯೆಲ್ಲ ಘಮಘಮಿಸುತ್ತದೆಯೇ ಹೊರತು ಲೋಟದಲ್ಲಿ ಉಳಿಯುವುದು ಅಲ್ಪ. ಸೋಸಿ, ಮಲಗುವುದಕ್ಕೆ ಒಂದೂವರೆ ಗಂಟೆ ಮೊದಲು ಅರ್ಧ ಲೋಟವಷ್ಟೇ ಕುಡಿಯಿರಿ; ಹೆಚ್ಚು ಕುಡಿದರೆ ಮೂತ್ರಕ್ಕೆಂದು ಏಳಬೇಕಾದೀತು.

ಬೇರಿನ ವಿಷಯ ಬೇರೆ. ಹಿರೇಮದ್ದಿನ ಗಿಡ, ಅಂದರೆ ಅಶ್ವಗಂಧದ ಬೇರಿನ ಪುಡಿಯನ್ನು ಹಾಲಿನಲ್ಲಿ ಕುದಿಸಿ ಕುಡಿಯುವುದು ರೂಢಿ. ನಿದ್ರೆಯ ಮೇಲಿನ ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸಿರುವುದು ಪುಡಿಯಲ್ಲ, ಬೇರಿನಿಂದ ತೆಗೆದ ಸಾರ. ಸಾಮಾನ್ಯವಾಗಿ ದಿನಕ್ಕೆ 600 ಮಿಲಿಗ್ರಾಂನಷ್ಟು, ಹಲವು ವಾರಗಳ ಕಾಲ. ಕಂಡುಬಂದ ಪ್ರಯೋಜನವೂ ಸಾಧಾರಣದ್ದೇ. ಆದ್ದರಿಂದ ಡಬ್ಬಿ ಕೊಳ್ಳುವಾಗ ಅದು ಪುಡಿಯೋ ಸಾರವೋ, ಬೇರಿನದೋ ಎಲೆಯದೋ ಎಂದು ಓದಿ ನೋಡಿ. ಅಪರೂಪಕ್ಕಾದರೂ ಇದರಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳಿವೆ, ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ಗರ್ಭಿಣಿಯರು ಇದರ ಹತ್ತಿರ ಹೋಗಬಾರದು. ಥೈರಾಯ್ಡ್ ಮಾತ್ರೆ ಅಥವಾ ನಿದ್ದೆಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಕಣ್ಣು ಹಳದಿಯಾದರೆ ಅಥವಾ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಜಾಯಿಕಾಯಿಯನ್ನು ಸಾಣೆಕಲ್ಲಿನ ಮೇಲೆ ಒಂದೆರಡು ಸುತ್ತು ತೇಯ್ದು ಹಾಲಿಗೆ ಬೆರೆಸುವ ಅಜ್ಜಿಯಂದಿರ ಅಳತೆ ಸರಿಯಾಗಿಯೇ ಇತ್ತು. ಐದು ಗ್ರಾಂ, ಅಂದರೆ ಸುಮಾರಾಗಿ ಒಂದಿಡೀ ಕಾಯಿ, ಹೊಟ್ಟೆಗೆ ಹೋದರೆ ಎದೆಬಡಿತ, ವಾಂತಿ, ಭ್ರಮೆ ಉಂಟಾಗಬಹುದು. ಹಸುಗೂಸುಗಳಿಗೆ ನೆಕ್ಕಿಸುವ ಅಭ್ಯಾಸವನ್ನಂತೂ ಬಿಡಬೇಕು.

ಮಲಬದ್ಧತೆಯೂ ಇದ್ದರೆ ಇಸಬ್ಗೋಲ್ ಹೊಟ್ಟು ಒಂದು ಚಮಚ ಸಾಕು. ಅದನ್ನು ತುಂಬು ಲೋಟ ನೀರಿನಲ್ಲಿ ಕಲಕಿ, ಗಟ್ಟಿಯಾಗುವ ಮೊದಲೇ ಕುಡಿಯಬೇಕು. ನೀರು ಸಾಲದಿದ್ದರೆ ಗಂಟಲಲ್ಲೇ ಉಬ್ಬಿಕೊಳ್ಳಬಹುದು. ಕುಡಿದ ಕೂಡಲೇ ಮಲಗಬೇಡಿ; ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆಯ ಅಂತರವಿರಲಿ.

ಒಮ್ಮೆಗೆ ಒಂದನ್ನೇ ಎರಡು ವಾರ ಪ್ರಯೋಗಿಸಿ, ಮಲಗಿದ ಹೊತ್ತು, ಎಚ್ಚರವಾದ ಹೊತ್ತು ಮತ್ತು ಹೊಟ್ಟೆಯ ಸ್ಥಿತಿಯನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ ಇವುಗಳಲ್ಲಿ ಯಾವುದು ಕಂಡರೂ, ಅಥವಾ ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆಗೆಟ್ಟರೂ ವೈದ್ಯರ ಬಳಿ ಹೋಗಿ. ಹೋಗುವಾಗ ಆ ಕ್ಯಾಲೆಂಡರಿನ ಹಾಳೆಯನ್ನೂ ಮನೆಯಲ್ಲಿರುವ ಮೂಲಿಕೆಯ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಔಷಧ ಏನು ತೆಗೆದುಕೊಳ್ಳುತ್ತೀರಿ ಎಂದು ಕೇಳಿದಾಗ ಕಷಾಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.