ಟಿಮೊಥಿ ಇಲ್ಲದೆ, ಎಸಿ ಇಲ್ಲದೆ: ಉಡುಪಿಯ ಮನೆಯೊಳಗೆ ಮೊಲ

ಉಡುಪಿಯ ಸೆಕೆ ಮೊಲಕ್ಕೆ ಆಗುವುದಿಲ್ಲ, ಮಳೆಗಾಲದಲ್ಲಂತೂ ಉಳಿಯುವುದೇ ಇಲ್ಲ ಎಂದು ನನಗೆ ಹೇಳದವರಿಲ್ಲ. ಬೆಂಗಳೂರಿನ ಗೆಳತಿಯರು ಎಸಿ ಹಾಕಿಸು ಎಂದರು. ಅತ್ತೆ, "ಎಂತ ಮಾರಾಯ್ತಿ, ಹಟ್ಟಿಯಲ್ಲಿ ಇರಬೇಕಾದ್ದನ್ನು ಚಾವಡಿಗೆ ತಂದರೆ ಹೇಗೆ?" ಎಂದರು. ಎಸಿ ಹಾಕಿಸಲಿಲ್ಲ. ಮೊಲಗಳಿಗೆಂದು ಅಂಗಡಿಯಲ್ಲಿ ಮಾರುವ ಟಿಮೊಥಿ ಒಣಹುಲ್ಲು ತರಿಸುವುದನ್ನು ನಿಲ್ಲಿಸಿ ಎರಡು ವರ್ಷದ ಮೇಲಾಯಿತು. ನನ್ನ ಮೊಲಗಳಾದ ಚುಕ್ಕಿ, ಬೆಲ್ಲ ಎರಡೂ ಕಳೆದ ಆಟಿಯ (ಜುಲೈ-ಆಗಸ್ಟ್) ಮಳೆಯನ್ನು ಒಂದು ಸೀನೂ ಇಲ್ಲದೆ ದಾಟಿದವು. ಅವಕ್ಕೆ ಮೊದಲು ಬಂದು ಹೋದ ಹತ್ತು ಹನ್ನೆರಡು ಫೋಸ್ಟರ್ ಮೊಲಗಳಲ್ಲಿ (ಬೇರೆ ಮನೆ ಸಿಗುವವರೆಗೆ ನಾನು ಸಾಕಿದವು) ಹೆಚ್ಚಿನವು ಮಂಗಳೂರು, ಕುಂದಾಪುರ, ಕಾಪು ಕಡೆಯ ಮನೆಗಳಲ್ಲಿ ಸುಖವಾಗಿವೆ. ಈಗಾಗಲೇ ಮೊಲ ಸಾಕಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಾಗಾಗಿ ಬುಡದಿಂದ ಹೇಳಲು ಹೋಗುವುದಿಲ್ಲ.

ಫೋಸ್ಟರ್ ಕೆಲಸ ಶುರುವಾದದ್ದು ಮಣಿಪಾಲದ ಮೊಲಗಳಿಂದ. ಜೋಡಿಗೆ ಐನೂರೋ ಆರುನೂರೋ ಕೊಟ್ಟು ತಂದ ಮರಿಗಳು, ಪರೀಕ್ಷೆ ಮುಗಿಸಿ ಕಾಲೇಜು ಮಕ್ಕಳು ಊರಿಗೆ ಹೊರಡುವ ಹೊತ್ತಿಗೆ ಯಾರಿಗೂ ಬೇಡವಾಗುತ್ತವೆ. ಅಷ್ಟರಲ್ಲಿ ಮರಿ ಹೋಗಿ ಎರಡು ಕಿಲೋದ ಮೊಲ ಆಗಿರುತ್ತದೆ. ಮೂಗಿನ ಮೇಲೆ, ಕಿವಿಯ ಅಂಚಿನಲ್ಲಿ ಬೂದು ಹಕ್ಕಳೆ ಕಟ್ಟಿದ ಕಜ್ಜಿಯೂ ಇರುತ್ತದೆ. "ಎರಡೂ ಗಂಡು" ಎಂದು ಕೈಗೆ ಕೊಟ್ಟ ಒಂದು ಜೋಡಿ ತಿಂಗಳೊಳಗೆ ಆರು ಮರಿ ಹಾಕಿತು. ಇಷ್ಟೆಲ್ಲ ಇದ್ದರೂ ನಾನು ಹೇಳುವುದು ಒಂದೇ: ಮರಿ ಕೊಳ್ಳಬೇಡಿ, ಬೆಳೆದ ಮೊಲವನ್ನು ಫೋಸ್ಟರ್ ಮಾಡಿ, ಹೊಂದಿಕೊಂಡರೆ ಇಟ್ಟುಕೊಳ್ಳಿ. ಬೆಳೆದದ್ದರ ಸ್ವಭಾವ ಕಣ್ಣೆದುರಿಗೇ ಇರುತ್ತದೆ. ವಯರು ಕಡಿಯುವುದೋ, ಮಕ್ಕಳ ಗಲಾಟೆಗೆ ಮೂಲೆ ಸೇರುವುದೋ, ಎರಡು ಮೂರು ವಾರದಲ್ಲಿ ಎಲ್ಲ ಗೊತ್ತಾಗುತ್ತದೆ. ಚುಕ್ಕಿ ಬಂದ ಹೊಸತರಲ್ಲೇ, ಅತ್ತೆ ಚಾವಡಿಯಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತರೆ ಇದು ಹೋಗಿ ಅವರ ಸೀರೆಯ ಅಂಚಿನ ಮೇಲೆ ಗಲ್ಲ ಇಟ್ಟು ಮಲಗುತ್ತಿತ್ತು. ಬೇರೆ ಮನೆಗೆ ಕಳಿಸುವ ಮಾತು ತೆಗೆದಾಗ "ಅದು ಎಲ್ಲಿಗೂ ಬೇಡ" ಎಂದವರು ಅತ್ತೆಯೇ.

ಇನ್ನೊಂದು ಮಾತು. ಗುಡ್ಡ ಸವರುವಾಗ ಸಿಕ್ಕಿತೆಂದು ಕಾಡುಮೊಲದ ಮರಿಯನ್ನು ಹಿಡಿದು ತರುವವರಿದ್ದಾರೆ. ಅದರ ಜಾತಿಯೇ ಬೇರೆ, ವನ್ಯಜೀವಿ ಕಾಯ್ದೆಯೊಳಗೆ ಬರುತ್ತದೆ, ಮನೆಯಲ್ಲಿ ಸಾಕುವ ಹಾಗಿಲ್ಲ. ಸಿಕ್ಕಿದ ಜಾಗದಲ್ಲೇ ಬಿಟ್ಟುಬಿಡಿ, ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ದುಡ್ಡು ಹೆಚ್ಚು ಹೋದದ್ದು ಹುಲ್ಲಿಗೆ. ಟಿಮೊಥಿ ತಂಪು ಹವೆಯ ಹುಲ್ಲು, ಕರಾವಳಿಯಲ್ಲಿ ಬೆಳೆಯುವಂಥದ್ದಲ್ಲ. ನಾನು ತರಿಸುತ್ತಿದ್ದಾಗ ಕಿಲೋಗೆ ಸಾವಿರದ ಆಸುಪಾಸು ಬೀಳುತ್ತಿತ್ತು. ಎರಡು ಮೊಲ ದಿನಕ್ಕೆ ಇನ್ನೂರು ಗ್ರಾಂ ಹತ್ತಿರ ಮುಗಿಸುತ್ತವೆ, ಅಂದರೆ ತಿಂಗಳಿಗೆ ಆರು ಕಿಲೋ. ಜೊತೆಗೆ ಫೋಸ್ಟರ್ ಇದ್ದರೆ ಕೇಳುವುದೇ ಬೇಡ. ಮೊದಲು ಬೈಹುಲ್ಲು ಹಾಕಿ ನೋಡಿದೆ. ತಿನ್ನುತ್ತವೆ, ಆದರೆ ಸಾರವಿಲ್ಲ, ತೂಕ ಇಳಿಯಿತು. ಮುಳಿಹುಲ್ಲು ಒರಟು, ಮೂಸಿ ಬಿಟ್ಟವು. ದನಗಳಿಗೆ ಹಾಕುವ ನೇಪಿಯರ್ ಹುಲ್ಲು ಒಣಗಿಸಿದರೆ ಎಲೆ ಗರಿಗರಿಯಾಗುತ್ತದೆ, ದಂಟಿನೊಳಗೆ ನೀರು ಹಾಗೇ ಉಳಿಯುತ್ತದೆ. ಮೂಟೆ ಬಿಚ್ಚಿದರೆ ಒಳಗೆಲ್ಲ ಬಿಳಿ ಬೂಸಲು. ಆ ವರ್ಷ ಇಪ್ಪತ್ತು ಕಿಲೋ ಹತ್ತಿರ ಗೊಬ್ಬರದ ಗುಂಡಿಗೆ ಹೋಯಿತು.

ಕೊನೆಗೆ ಕೈ ಹಿಡಿದದ್ದು ಗಿನಿ ಹುಲ್ಲು. ಹೆಬ್ರಿ ಕಡೆಯ ನಮ್ಮ ತವರಿನಲ್ಲಿ ಅಣ್ಣ ದನಗಳಿಗೆಂದು ತೋಟದ ಬದಿಯಲ್ಲಿ ಹಾಕಿದ್ದ. "ಹಪ್ಪಳವೇ ಮೆತ್ತಗಾಗುವ ಊರಿನಲ್ಲಿ ನಿನ್ನ ಹುಲ್ಲು ಗರಿಗರಿ ಉಳಿಯುತ್ತದಾ?" ಎಂದು ಅವನು ಕೇಳಿದ. ಅಂಗಳದಲ್ಲಿ ಹರಡಿದಾಗ ಅವನು ಹೇಳಿದ ಹಾಗೆಯೇ ಆಯಿತು. ಹಗಲು ಬಿಸಿಲಿಗೆ ಬಣ್ಣ ಹೋಯಿತು, ರಾತ್ರಿ ಮಂಜಿಗೆ ಮತ್ತೆ ತೇವ ಬಂತು. ಆಮೇಲೆ ಕಣ್ಣಿಗೆ ಬಿದ್ದದ್ದು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡು. ಅಡಿಕೆ ತೆಗೆದ ಮೇಲೆ ಏಪ್ರಿಲ್ ಹೊತ್ತಿಗೆ ಅದು ಖಾಲಿ. ತೆನೆ ಒಡೆಯುವ ಮೊದಲೇ ಕೊಯ್ದು, ಇಬ್ಬನಿ ಆರಿದ ಮೇಲೆ ತೆಳ್ಳಗೆ ಹರಡಿ, ಎರಡೂ ಬದಿಯ ಬಾಗಿಲು ತೆರೆದಿಟ್ಟು ದಿನಕ್ಕೆ ಎರಡು ಸಲ ಮಗುಚಿದೆವು. ಎರಡನೇ ದಿನ ಸಂಜೆಗೆ ಹಸಿರು ಬಣ್ಣ ಹೋಗದೆ ಒಣಗಿತ್ತು! ನಾಲ್ಕೈದು ಕಿಲೋ ಹಸಿ ಹುಲ್ಲಿಗೆ ಒಂದು ಕಿಲೋ ಒಣಹುಲ್ಲು ಸಿಗುತ್ತದೆ.

ಒಣಗಿತೋ ಇಲ್ಲವೋ ಎಂಬುದನ್ನು ಕೈಯಲ್ಲಿ ಹಿಡಿದು ಹೇಳಲಾಗದು. ಹುಲ್ಲನ್ನು ಸಣ್ಣಗೆ ಕತ್ತರಿಸಿ ಗಾಜಿನ ಬಾಟಲಿಗೆ ತುಂಬಿ, ಒಂದು ಚಮಚ ಪುಡಿಯುಪ್ಪು ಹಾಕಿ, ಮುಚ್ಚಳ ಬಿಗಿದು ಎರಡು ನಿಮಿಷ ಕುಲುಕಿ. ಉಪ್ಪು ಗಂಟು ಕಟ್ಟಿದರೆ ಇನ್ನೂ ನೀರಿದೆ. ನಮ್ಮಲ್ಲಿ ಉಪ್ಪೇ ಒದ್ದೆ ಇರುವುದರಿಂದ ಮೊದಲು ಬಾಣಲೆಯಲ್ಲಿ ಹುರಿದು ಆರಿಸಿಕೊಳ್ಳಬೇಕು. ಪತ್ತನಾಜೆಯೊಳಗೆ (ಮೇ ಕೊನೆಯ ವಾರ) ಎಲ್ಲ ಹುಲ್ಲು ಡ್ರಮ್ಮಿಗೆ ಸೇರಿ ಬಾಯಿ ಬಿಗಿದಾಗಿರಬೇಕು. ಡ್ರಮ್ಮಿನ ತಳದಲ್ಲಿ ನಾನು ಇನ್ನೊಂದು ವಸ್ತು ಇಡುತ್ತೇನೆ. ಅದನ್ನು ಕಂಡುಕೊಳ್ಳಲು ನನಗೆ ಒಂದಿಡೀ ಮಳೆಗಾಲ ಹಿಡಿಯಿತು, ಇಲ್ಲಿ ಬರೆಯುವುದಿಲ್ಲ. ಟೆಂಪೋ ಬಾಡಿಗೆ, ಹಳೆ ಡ್ರಮ್ಮು, ಆಳಿನ ಕೂಲಿ ಎಲ್ಲ ಸೇರಿಸಿದರೂ ಕಿಲೋಗೆ ಐವತ್ತು ರೂಪಾಯಿ ದಾಟಲಿಲ್ಲ. ಸೆಪ್ಟೆಂಬರ್‌ನಲ್ಲಿ ಕೊನೆಯ ಡ್ರಮ್ಮು ತೆರೆದಾಗಲೂ ಹುಲ್ಲು ಪರಿಮಳ ಬರುತ್ತಿತ್ತು. ಅಣ್ಣ ಒಂದು ಹಿಡಿ ತೆಗೆದು ಮೂಸಿ ನೋಡಿ, ಮುಂದಿನ ವರ್ಷಕ್ಕೆ ಇನ್ನೆರಡು ಸಾಲು ಗಿನಿ ನೆಡುತ್ತೇನೆ ಎಂದ.

ಸೆಕೆಗೆ ಮೊದಲು ಏಳೆಂಟು ಸಾವಿರದ ಕೂಲರ್ ತಂದೆ, ದಂಡ. ಒಣಹವೆಯ ಊರಿಗೆ ಅದು ಸರಿ, ಮೊದಲೇ ಬೆವರು ಆರದ ನಮ್ಮ ಹವೆಯಲ್ಲಿ ಕೋಣೆ ಇನ್ನಷ್ಟು ಒದ್ದೆಯಾಗುತ್ತದೆ ಅಷ್ಟೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿದಾಗಲೂ ಅದೇ ಕತೆ. ಕೆಲಸ ಕೊಟ್ಟದ್ದು ನೆಲಮಟ್ಟದ ಉತ್ತರದ ಕೋಣೆ, ಗ್ರಾನೈಟ್ ಅಂಗಡಿಯವರು ಬಿಸಾಡಿದ ಎರಡು ತುಂಡು ಕಲ್ಲು, ಬಟ್ಟೆ ಸುತ್ತಿದ ಐಸ್ ಬಾಟಲಿ, ಒಂದು ಟೇಬಲ್ ಫ್ಯಾನ್. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಕಿವಿಯ ಹೊರಬದಿಯನ್ನು ಒದ್ದೆ ಕೈಯಲ್ಲಿ ಸವರುತ್ತೇನೆ. ಮೊಲ ಮೈಯ ಬಿಸಿ ಕಳೆಯುವುದು ಕಿವಿಯಿಂದ. ಬಾಯಿ ತೆರೆದು ಉಸಿರಾಡಿತೆಂದರೆ ಕಾಯಬೇಡಿ, ಒದ್ದೆ ಬಟ್ಟೆ ಹಿಡಿದುಕೊಂಡೇ ಡಾಕ್ಟರಲ್ಲಿಗೆ ಹೊರಡಿ.

ನಮ್ಮದು ಕಾವಿ ನೆಲ. ತಂಪು, ಆದರೆ ಜಾರುತ್ತದೆ. ತೆಂಗಿನ ನಾರಿನ ಮ್ಯಾಟ್ ಹಾಕಿದಾಗ ಹಿಂಗಾಲಿನ ಅಡಿ ಕೆಂಪಾಯಿತು. ಹಳೆ ಹತ್ತಿಯ ಜಮಖಾನದಷ್ಟು ಒಳ್ಳೆಯದು ಇಲ್ಲ. ಶೌಚದ ತಟ್ಟೆಗೆ ಮರದ ಪುಡಿ ಹಾಕಿದರೆ ಸೀನು ಶುರು, ಉಮಿ ಹಾಕಿದರೆ ಮನೆಯಿಡೀ ಉಮಿ. ಹಳೆ ಪೇಪರಿನ ಮೇಲೆ ಬೈಹುಲ್ಲು ಹಾಕಿದರೆ ಸಾಕು. ಇದರ ನಡುವೆ ಅಡಿಕೆ ಹಾಳೆಯಲ್ಲಿ ಹುಲ್ಲಿನ ಗೂಡು ಮಾಡಿ ನೋಡಿದೆ. ನೀರಲ್ಲಿ ನೆನೆಸಿ ಮಡಿಸಿ ಗೋಡೆಗೆ ಕಟ್ಟಿದ್ದೆ. ಹುಲ್ಲು ಮುಗಿದ ಮೇಲೆ ಬೆಲ್ಲ ಹಾಳೆಯನ್ನೂ ಮುಗಿಸಿದ! ಹಲ್ಲು ಸವೆಯಲು ಇದಕ್ಕಿಂತ ಅಗ್ಗದ್ದು ಬೇರೆ ಸಿಗದು. ಈಗ ವಾರಕ್ಕೊಂದು ಹಾಳೆ, ಜೊತೆಗೆ ಪೇರಳೆಯ ಎಳೆ ರೆಂಬೆ.

ಮರಿಯಾಗದ ಹಾಗೆ ಮಾಡುವ ಆಪರೇಷನ್ನಿಗೆ ಹೆಣ್ಣಿಗೆ ಐದು ಸಾವಿರ, ಗಂಡಿಗೆ ಮೂರು ಸಾವಿರದ ಹತ್ತಿರ ಆಯಿತು. ಹೆಣ್ಣಿನ ಗರ್ಭಕೋಶದಲ್ಲಿ ವಯಸ್ಸಾದಂತೆ ಕ್ಯಾನ್ಸರ್ ಬರುವುದು ಹೆಚ್ಚು, ಇಲ್ಲಿ ಹಣದ ಮುಖ ನೋಡಬೇಡಿ. ಒಂದು ಕ್ಲಿನಿಕ್ಕಿನಲ್ಲಿ "ಹಿಂದಿನ ರಾತ್ರಿಯಿಂದ ಏನೂ ಕೊಡಬೇಡಿ" ಎಂದರು. ಮೊಲ ವಾಂತಿ ಮಾಡುವ ಪ್ರಾಣಿಯೇ ಅಲ್ಲ, ಉಪವಾಸ ಹಾಕಿದರೆ ಕರುಳಿನ ಕೆಲಸವೇ ನಿಲ್ಲಬಹುದು. ಅಲ್ಲಿಂದ ಎದ್ದು ಬಂದು, ಮೊಲಗಳಿಗೆ ಆಪರೇಷನ್ ಮಾಡಿ ಅನುಭವ ಇದ್ದ ಡಾಕ್ಟರನ್ನು ಹುಡುಕಿದೆ. ಆಪರೇಷನ್ ಮುಗಿಸಿ ಚುಕ್ಕಿಯನ್ನು ಮನೆಗೆ ತಂದ ರಾತ್ರಿ, ಕರುಳು ಕೆಲಸ ಮಾಡಿ ಹಿಕ್ಕೆ ಬೀಳುತ್ತದೋ ಎಂದು ಟಾರ್ಚ್ ಹಿಡಿದು ತಟ್ಟೆ ನೋಡುತ್ತಲೇ ಕೂತಿದ್ದೆ. ಬೆಳಗಿನ ಜಾವ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ನಾಲ್ಕು ಕಪ್ಪು ಹಿಕ್ಕೆ ಬಿದ್ದವು, ಮಧ್ಯಾಹ್ನಕ್ಕೆ ಕಡಲೆ ಗಾತ್ರದವು, ಮುರಿದರೆ ಒಳಗೆ ಹುಲ್ಲಿನ ನಾರು. ಆಮೇಲೆಯೇ ನಾನು ಊಟ ಮಾಡಿದ್ದು. ಕಜ್ಜಿಗೆ ಡಾಕ್ಟರ ಕೈಯಿಂದಲೇ ಐವರ್ಮೆಕ್ಟಿನ್ ಕೊಡಿಸಿ. ನಾಯಿಯ ಉಣ್ಣಿಗೆ ಹಾಕುವ ಫಿಪ್ರೊನಿಲ್ ಮನೆಯಲ್ಲಿದೆಯೆಂದು ಅದನ್ನು ಹಾಕಿದರೆ ಮೊಲ ಸಾಯಬಹುದು. ಬಾಯಿಗೆ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಕೂಡ ಬೇಡ.

ಗಂಡಿಗೆ ಆಪರೇಷನ್ ಆದ ಮೇಲೂ ನಾಲ್ಕರಿಂದ ಆರು ವಾರ ಹೆಣ್ಣಿನ ಹತ್ತಿರ ಬಿಡಬಾರದು. ಆಮೇಲೆ ಜೋಡಿ ಕೂಡಿಸುವಾಗ ಎರಡಕ್ಕೂ ಹೊಸತಾದ ಜಾಗ ಬೇಕು. ನಮ್ಮಲ್ಲಿ ಅದು ಬಚ್ಚಲುಮನೆ. ಮೊದಲ ಹತ್ತು ನಿಮಿಷ ನಾನೇನು ಮಾಡುತ್ತೇನೆ ಎಂಬುದನ್ನು ಬಂದವರಿಗೆ ತೋರಿಸುತ್ತೇನೆ, ಓದಿ ಮಾಡಿದರೆ ಕಚ್ಚಾಟವಾಗುತ್ತದೆ.

ಈ ಬೇಸಗೆಗೆ ನೂರು ಕಿಲೋ ಒಣಹುಲ್ಲು ಮಾಡುವ ಅಂದಾಜಿದೆ. ನನ್ನಿಂದ ಫೋಸ್ಟರ್ ಮೊಲ ಒಯ್ಯುವವರಿಗೆ ಮೊದಲ ತಿಂಗಳ ಹುಲ್ಲು ಪುಕ್ಕಟೆ. ಡ್ರಮ್ಮು ಮಾತ್ರ ವಾಪಸು ತಂದುಕೊಡಬೇಕು, ಮತ್ತು ಮೊದಲ ಎರಡು ವಾರ ದಿನಾ ಬೆಳಗ್ಗೆ ಹಿಕ್ಕೆಯ ಫೋಟೋ ಕಳಿಸಬೇಕು.